ಗಾಜು ಬಲ್ಲವರ ಕೈಯಲ್ಲಿ ವಿಜ್ಞಾನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಅದರ ಮೊದಲ ನಿರ್ದೇಶಕರಾಗಿ 1906ರಲ್ಲಿ ನೇಮಕಗೊಂಡವರು ಮಾರಿಸ್ ಟ್ರಾವರ್ಸ್. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆಯವರೊಡನೆ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು ಪತ್ತೆ ಹಚ್ಚಿದವರು ಅವರು. ಸಂಸ್ಥೆಗೆ ಬೆಂಗಳೂರು ತಕ್ಕ ಜಾಗ ಎಂದು ಅದಕ್ಕೂ ಮುಂಚೆ ಸೂಚಿಸಿದ್ದವರು ಇದೇ ರಾಮ್ಸೆ.

ಆ ಶೋಧದ ಹಿಂದೆ ಗಾಜಿನ ಕೆಲಸವಿತ್ತು. ಒಂದು ಕೋಟಿ ಪಾಲು ಗಾಳಿಯಲ್ಲಿ ಕ್ಸೆನಾನ್ ಸರಿಸುಮಾರು ಒಂದು ಪಾಲು. ಇಷ್ಟು ಅಲ್ಪ ಅನಿಲವನ್ನು ಹಿಡಿದಿಡಲು ರಬ್ಬರ್ ಬಿರಡೆ ಸಾಲದು. ಕೊಳವೆಗೆ ಕೊಳವೆಯನ್ನು ಬೆಂಕಿಯಲ್ಲೇ ಬೆಸೆಯಬೇಕು. ರಾಮ್ಸೆ ಗಾಜು ಊದುವುದರಲ್ಲಿ ಹೆಸರಾದವರು; ತಮ್ಮ ಉಪಕರಣಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು.

ಈ ವಿದ್ಯೆಗೆ ‘ಊದುವುದು’ ಎಂದು ಹೆಸರಿದ್ದರೂ ಕಲಿಯುವವನು ಮೊದಲು ಕಲಿಯುವುದು ತಿರುಗಿಸುವುದನ್ನು. ಕೊಳವೆಯನ್ನು ಎರಡೂ ಕೈಗಳಲ್ಲಿ ಹಿಡಿದು, ಜ್ವಾಲೆಯಲ್ಲಿ ಒಂದೇ ವೇಗದಲ್ಲಿ ಉರುಳಿಸುತ್ತಿರಬೇಕು. ಗಾಜು ಮೆತ್ತಗಾದ ಮೇಲೆ ನಡುವೆ ಬಿಗಿ ಇರುವುದಿಲ್ಲ. ಆಗ ಒಂದು ಕೈ ಮುಂದೆ, ಇನ್ನೊಂದು ಹಿಂದೆ ಸರಿದರೆ ಕೊಳವೆ ಹುರಿಯಾಗುತ್ತದೆ. ತಿರುಗಿಸುವುದು ನಿಂತರೆ ಗಾಜು ಜೋತುಬೀಳುತ್ತದೆ. ಊದುವುದು ಕೊಳವೆಯನ್ನು ಜ್ವಾಲೆಯಿಂದ ಹೊರತೆಗೆದ ಮೇಲೆ, ಅದೂ ಮೆಲ್ಲನೆ. ಕಾಲೇಜಿನಲ್ಲಿ ಬುನ್ಸೆನ್ ದೀಪದ ಮೇಲೆ ಕೊಳವೆ ಬಾಗಿಸಲು ಹೋಗಿ ಚಪ್ಪಟೆ ಮಾಡಿಕೊಂಡವರಿಗೆ ಇದರ ಕಷ್ಟ ಗೊತ್ತು.

ಕತ್ತರಿಸುವುದು ಸುಲಭ. ಅರದಿಂದ ಒಂದೇ ಗೀರು ಹಾಕಿ, ಹೆಬ್ಬೆರಳುಗಳನ್ನು ಗೀರಿನ ಹಿಂಬದಿಗಿಟ್ಟು, ಎಳೆಯುತ್ತ ಬಾಗಿಸಿದರೆ ತುಂಡಾಗುತ್ತದೆ. ಬೆಸುಗೆಯೇ ಕಷ್ಟ. ಸೋಡಾ ಗಾಜು ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾದರೆ ಬೋರೋಸಿಲಿಕೇಟ್‌ಗೆ ಸುಮಾರು 820 ಬೇಕು. ಅದನ್ನು ಕರಗಿಸಲು ಆಮ್ಲಜನಕ ಬೆರೆತ ಜ್ವಾಲೆಯೇ ಆಗಬೇಕು. ಇವೆರಡನ್ನು ಬೆಸೆದರೆ ಆರುವಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿ ಸೀಳುತ್ತವೆ. ಒಂದೇ ಜಾತಿಯ ಗಾಜಾದರೂ ಬೆಸುಗೆಯ ಬಿಗುವು ಒಳಗೆ ಉಳಿದಿರುತ್ತದೆ. ಬೋರೋಸಿಲಿಕೇಟ್ ಉಪಕರಣವನ್ನು ಸುಮಾರು 560 ಡಿಗ್ರಿಯ ಒಲೆಯಲ್ಲಿಟ್ಟು ನಿಧಾನವಾಗಿ ಆರಿಸದಿದ್ದರೆ ಇಂದು ಚೆನ್ನಾಗಿ ಕಂಡದ್ದು ನಾಳೆ ಮುಟ್ಟದೆಯೇ ಬಿರಿಯಬಹುದು.

1911ರಲ್ಲಿ ಬೆಂಗಳೂರಿನ ಸಂಸ್ಥೆಗೆ ಮೊದಲ ವಿದ್ಯಾರ್ಥಿಗಳು ಬಂದಾಗ ಒಳ್ಳೆಯ ಪ್ರಯೋಗಾಲಯ ಗಾಜು ಎಂದರೆ ಜರ್ಮನಿಯ ಯೇನಾ ಊರಿನದು. 1914ರಲ್ಲಿ ಯುದ್ಧ ಶುರುವಾದದ್ದೇ ಬ್ರಿಟನ್ನಿಗೂ ಅದರ ವಸಾಹತುಗಳಿಗೂ ಆ ಸರಕು ನಿಂತಿತು. ಬೀಕರುಗಳು ಒಡೆದರೆ ಬೇರೆ ತರಿಸುವ ದಾರಿಯಿಲ್ಲ. ಸ್ಫೋಟಕ, ಔಷಧಿ, ಉಕ್ಕು ಯಾವುದರ ಪರೀಕ್ಷೆಗೂ ಗಾಜು ಬೇಕು. ಅದೇ ವರ್ಷ ಬೆಂಗಳೂರು ಬಿಟ್ಟ ಟ್ರಾವರ್ಸ್ ಇಂಗ್ಲೆಂಡಿನಲ್ಲಿ ಹಿಡಿದ ಕೆಲಸ ಪಾಠ ಹೇಳುವುದಲ್ಲ, ಡ್ಯೂರೋಗ್ಲಾಸ್ ಎಂಬ ಕಂಪೆನಿಯಲ್ಲಿ ಪ್ರಯೋಗಾಲಯದ ಗಾಜು ತಯಾರಿಸುವುದು.