ಹಂಚಿನ ಮಾಡಿನ ಹೋಟೆಲು: ಒಂದು ಜೀರ್ಣೋದ್ಧಾರದ ಕಥನ

ಕಾಸರಗೋಡಿನ ಕನ್ನಡ ಬದುಕಿನ ಚರಿತ್ರೆಯನ್ನು ಬರೆಯಹೊರಟವರು ಶಾಲೆ, ಯಕ್ಷಗಾನದ ರಂಗಸ್ಥಳ, ಗ್ರಂಥಾಲಯಗಳನ್ನು ತಪ್ಪದೆ ಸ್ಮರಿಸುತ್ತಾರೆ. ಪೇಟೆಯ ಹಂಚಿನ ಮಾಡಿನ ಹೋಟೆಲನ್ನು ಎಣಿಕೆಗೆ ತರುವವರು ವಿರಳ. ಆದರೆ ನಮ್ಮ ತಲೆಮಾರಿನ ಅನೇಕರು ಕನ್ನಡ ದಿನಪತ್ರಿಕೆಯನ್ನು ಮೊದಲು ಕಂಡದ್ದು ಅಲ್ಲಿಯ ಮರದ ಮೇಜಿನ ಮೇಲೆ, ಗೋಳಿಬಜೆಯ ತಟ್ಟೆಯ ಪಕ್ಕದಲ್ಲಿ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಾಗ ಹಿರಿಯರು ತಮ್ಮ ಅಳಲನ್ನು ತೋಡಿಕೊಂಡದ್ದೂ ಅಂಥ ಮೇಜುಗಳ ಸುತ್ತಲೇ ಎಂದು ಕೇಳಿ ಬಲ್ಲೆವು.

ಅಂತಹ ಹೋಟೆಲೊಂದನ್ನು ಕೆಡವುವ ಮಾತು ನಮ್ಮೂರಿನಲ್ಲಿ ಕೆಲವು ವರ್ಷಗಳ ಹಿಂದೆ ಎದ್ದಿತು. ಯಜಮಾನರ ಮಗನಿಗೆ ಕಾಂಕ್ರೀಟು ಕಟ್ಟಡವೂ ಹವಾನಿಯಂತ್ರಿತ ಕೋಣೆಯೂ ಬೇಕಾಗಿದ್ದವು. ಅಭಿಪ್ರಾಯ ಕೇಳಲು ಆತ ನಮ್ಮಲ್ಲಿಗೂ ಬಂದ. "ಮೇಷ್ಟ್ರೇ, ಹಳತೆಂದು ಎಷ್ಟು ದಿನ ಹೊತ್ತುಕೊಳ್ಳುವುದು?" ಎಂಬ ಅವನ ಪ್ರಶ್ನೆ ಅನ್ಯಾಯದ್ದಾಗಿರಲಿಲ್ಲ.

ಉತ್ತರಕ್ಕಾಗಿ ನಾವು ಕಟ್ಟಡವನ್ನೇ ನೋಡಬೇಕಾಯಿತು. ಗೋಡೆ ಮುರಕಲ್ಲಿನದು. ನೆಲದಿಂದ ಕಡಿಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕಲ್ಲೇ ಬೇಕಲ ಕೋಟೆಯನ್ನೂ ಎತ್ತಿ ನಿಲ್ಲಿಸಿದೆ. ಮಾಡಿಗೆ ಹೊದಿಸಿದ್ದು ಮಂಗಳೂರು ಹಂಚು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಈ ಹಂಚಿನ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿತು. ದಪ್ಪ ಗೋಡೆ ಬಿಸಿಲನ್ನು ತಡೆಯುತ್ತದೆ. ಹಂಚಿನ ಸಂದುಗಳಿಂದ ಬಿಸಿ ಗಾಳಿ ಮೇಲೆ ಹೊರಡುತ್ತದೆ. ಊಟದ ಕೋಣೆ ಏಪ್ರಿಲಿನಲ್ಲಿಯೂ ತಂಪಾಗಿದ್ದ ಗುಟ್ಟು ಇದು.

ಆದರೆ ಹಳತೆಲ್ಲವೂ ಹೊನ್ನಲ್ಲ. ಹಿಂಬದಿಯ ಅಡುಗೆಕೋಣೆಗೆ ಇದ್ದದ್ದು ಒಂದೇ ಕಿಟಕಿ. ಸೌದೆಯ ಒಲೆಯ ಹೊಗೆಯಲ್ಲಿ ಮೂವತ್ತು ವರ್ಷ ದೋಸೆ ಹುಯ್ದ ಭಟ್ಟರು ಕೊನೆಗಾಲದಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಆ ದೋಸೆಯ ರುಚಿಯನ್ನು ಹೊಗಳಿದ ನಾವು ಒಂದು ದಿನವಾದರೂ ಒಳಗೆ ಇಣುಕಿ ನೋಡಲಿಲ್ಲ. ಈ ನಾಚಿಕೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಹೋಟೆಲಿನ ಶುಚಿತ್ವಕ್ಕೆ ನಮ್ಮವರಲ್ಲಿಯೇ ಮೇಲ್ಪಂಕ್ತಿಯಿದೆ. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವೇ ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ನೈರ್ಮಲ್ಯವನ್ನು ಕಣ್ಣಾರೆ ಕಂಡು ಬಂದು, ಪಾತ್ರೆ-ಲೋಟಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಕ್ರಮವನ್ನು ತಂದರು. ತಿಂಡಿ ನಮ್ಮದಾಗಿಯೇ ಉಳಿಯಿತು, ಅಡುಗೆಮನೆಯ ರೀತಿ ಬದಲಾಯಿತು.

ಈ ಮಾತನ್ನೇ ಆ ಯುವಕನಿಗೆ ಹೇಳಿದೆವು. ಆತ ಒಪ್ಪಿದ. ಊಟದ ಕೋಣೆ ಉಳಿಯಿತು, ಅಡುಗೆಕೋಣೆ ಹೊಸದಾಯಿತು. ಸೌದೆಯ ಬದಲು ಅನಿಲದ ಒಲೆ, ಇಡ್ಲಿಗೆ ಹಬೆಯ ಪಾತ್ರೆ, ಎದುರುಬದುರಾಗಿ ಎರಡು ಕಿಟಕಿ, ಹೊಗೆ-ಹಬೆಗೆ ಎತ್ತರದ ಕೊಳವೆ. ಗೋಡೆಗೆ ಹಿಂದೊಮ್ಮೆ ಬಳಿದಿದ್ದ ಸಿಮೆಂಟು ಗಾರೆ ತೇವವನ್ನು ಒಳಗೇ ಕಟ್ಟಿಹಾಕಿ ಬೂಸ್ಟು ಹಿಡಿಸಿತ್ತು. ಅದನ್ನು ಕೆತ್ತಿ ಸುಣ್ಣದ ಗಾರೆ ಹಾಕಿಸಲಾಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಗೋಡೆ ಒಣಗಲು ದಾರಿ ಬೇಕು. ಒಡೆದ ಹಂಚುಗಳನ್ನಷ್ಟೇ ಬದಲಿಸಿ, ನಡುವೆ ನಾಲ್ಕು ಗಾಜಿನ ಹಂಚುಗಳನ್ನಿಟ್ಟದ್ದರಿಂದ ಹಗಲಲ್ಲಿ ದೀಪ ಬೇಡವಾಯಿತು. ಹೊಗೆ ನಿಂತ ಮೇಲೆ ಪಕ್ಕಾಸುಗಳಿಗೆ ಹುಳ ಹತ್ತೀತೆಂದು ಮುದಿ ಆಚಾರಿಯೊಬ್ಬರು ಎಚ್ಚರಿಸಿದರು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಸಿದೆವು.

ಕೆಲಸಕ್ಕೆ ಒಂದು ಮಳೆಗಾಲವೇ ಕಳೆಯಿತು. ಖರ್ಚೂ ಎಣಿಸಿದ್ದಕ್ಕಿಂತ ಹೆಚ್ಚಾಯಿತು. ಈಗ ಅಲ್ಲಿ ದೋಸೆ ಹುಯ್ಯುವ ಹುಡುಗ ಕೆಮ್ಮುವುದಿಲ್ಲ. ಗಲ್ಲಾ ಪೆಟ್ಟಿಗೆಯ ಮೇಲಿನ ಕನ್ನಡ ಫಲಕಕ್ಕೆ ಹೊಸ ಬಣ್ಣ ಬಂದಿದೆ. ಮೇಜಿನ ಮೇಲೆ ಪತ್ರಿಕೆಯೂ ಇದೆ.

ಗಡಿನಾಡಿನಲ್ಲಿ ನುಡಿಯನ್ನು ಉಳಿಸಿಕೊಳ್ಳುವ ನಮಗೆಲ್ಲರಿಗೂ ಈ ಕಟ್ಟಡದಲ್ಲೊಂದು ಪಾಠವಿದೆ. ಗೋಡೆಯನ್ನು ಉಳಿಸಿಕೊಳ್ಳೋಣ, ಹೊಗೆಯನ್ನು ಹೊರಗೆ ಬಿಡೋಣ. ಒಳಗೆ ದುಡಿಯುವವರ ಉಸಿರನ್ನು ಮರೆತು ಪರಂಪರೆಯನ್ನು ಕೊಂಡಾಡುವುದು ಬೇಡ.