ಜೀನು, ಬಾರು, ಹೊಂಗೆಯೆಣ್ಣೆ: ತೊಗಲಿನ ಹದದ ಕಥೆ

ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೋ, ಕೊಟ್ಟಿಗೆಯ ಗೂಟದಲ್ಲೋ ಹಳೆಯ ಕುದುರೆ ಸಾಮಾನು ಬಿದ್ದಿರಬಹುದು. ತಾತನ ಕಾಲದ ಜಟಕಾದ ಹೊಟ್ಟೆಪಟ್ಟಿ, ಒಂದು ಲಗಾಮು, ಹರಿದ ಒಂದು ಜೀನು. ಕೈಗೆ ತೆಗೆದುಕೊಂಡರೆ ಹಪ್ಪಳದ ಹಾಗೆ ಬಿರುಸು. ಮಡಿಸಿದರೆ ಮುರಿದೀತೇನೋ ಎಂಬ ಭಯ. "ಒಂದು ಬಟ್ಟಲು ಎಣ್ಣೆ ಸುರಿಯಿರಿ, ಮೆತ್ತಗಾಗುತ್ತೆ" ಅಂತ ಯಾರಾದರೂ ಹೇಳಿಯಾರು. ಆದರೆ ಆ ಪಟ್ಟಿಯನ್ನು ಬಿಗಿದು ಕುದುರೆ ಓಡಿಸುವಾಗ ಮನುಷ್ಯನ ಪ್ರಾಣ ಅದರ ಮೇಲೆ ನಿಂತಿರುತ್ತದೆ. ಓಟದ ನಡುವೆ ಹೊಟ್ಟೆಪಟ್ಟಿ ಕಿತ್ತರೆ ಜೀನೂ ಸವಾರನೂ ಒಟ್ಟಿಗೆ ನೆಲ ಕಾಣುತ್ತಾರೆ. ಆದ ಕಾರಣ ಎಣ್ಣೆಯ ಬಟ್ಟಲನ್ನು ಎತ್ತುವ ಮುಂಚೆ ಈ ತೊಗಲಿನ ಕಥೆಯನ್ನು ಸ್ವಲ್ಪ ಕೇಳೋಣ.

ತೊಗಲು ಎಂದರೆ ಏನು? ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಹುರಿಹುರಿಯಾಗಿ ಹೆಣೆದುಕೊಂಡ ಒಂದು ಹಾಸು. ಪ್ರಾಣಿ ಬದುಕಿರುವಾಗ ಆ ಎಳೆಗಳ ನಡುವೆ ನೀರು ತುಂಬಿರುತ್ತದೆ. ಸುಲಿದ ಹಸಿ ತೊಗಲನ್ನು ಹಾಗೇ ಒಣಗಿಸಿದರೆ ನೀರು ಹೋಗಿ, ಎಳೆಗೆ ಎಳೆ ಅಂಟಿಕೊಂಡು, ಹಲಗೆಯಂತಾಗುತ್ತದೆ. ನೆನೆದರೆ ಕೊಳೆಯುತ್ತದೆ. ಮರದ ಚಕ್ಕೆಯ ಒಗರು ಕುಡಿಸಿದರೆ ಕೊಳೆಯುವುದು ನಿಲ್ಲುತ್ತದೆ. ಇದಕ್ಕೇ ಹದ ಮಾಡುವುದು ಎನ್ನುತ್ತೇವೆ. ಆದರೆ ಒಗರು ಒಂದೇ ಸಾಲದು. ಎಳೆಗಳು ಒಂದರ ಮೇಲೊಂದು ಜಾರಬೇಕಾದರೆ ನಡುವೆ ಜಿಡ್ಡು ಬೇಕು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಹಾಗೆ.

ಈ ಗುಟ್ಟು ಬಹಳ ಹಳೆಯದು. ಗ್ರೀಸ್ ದೇಶದ ಹೋಮರ್ ಕವಿಯ ಇಲಿಯಡ್ ಕಾವ್ಯಕ್ಕೆ ಈಗ ಸುಮಾರು 2,700 ವರ್ಷ. ಅದರ 17ನೆಯ ಸರ್ಗದಲ್ಲಿ ಒಂದು ಹೋಲಿಕೆ ಬರುತ್ತದೆ. ಸತ್ತ ವೀರನೊಬ್ಬನ ದೇಹಕ್ಕಾಗಿ ಎರಡು ಪಾಳೆಯದವರೂ ಎಳೆದಾಡುತ್ತಿದ್ದಾರೆ. ಅದು ಹೇಗಿತ್ತೆಂದರೆ, ಕೊಬ್ಬು ಸವರಿದ ಎತ್ತಿನ ತೊಗಲನ್ನು ಆಳುಗಳು ಸುತ್ತ ನಿಂತು ಜಗ್ಗುವ ಹಾಗೆ ಇತ್ತು ಎನ್ನುತ್ತಾನೆ ಕವಿ. ಜಗ್ಗಿದಂತೆ ಒಳಗಿನ ತೇವ ಹೊರಟು ಜಿಡ್ಡು ಒಳಗೆ ಇಳಿಯುತ್ತದಂತೆ. ಯುದ್ಧದ ಕವಿ ಚರ್ಮಗಾರನ ಕೆಲಸವನ್ನು ಎಷ್ಟು ಹತ್ತಿರದಿಂದ ನೋಡಿದ್ದ, ನೋಡಿ! ತೇವ ಹೊರಡುವ ದಾರಿಯಲ್ಲೇ ಎಣ್ಣೆ ಒಳಗೆ ಹೋಗಬೇಕು. ಪೂರಾ ಒಣಗಿದ ತೊಗಲಿಗೆ ಎಣ್ಣೆ ಸುರಿದರೆ ಮೇಲೆ ಜಿಬ್ಬು ಜಿಬ್ಬಾಗಿ ನಿಂತೀತು, ಒಂದೇ ಸಮನಾಗಿ ಒಳಗೆ ಇಳಿಯಲಾರದು.

ನಮ್ಮ ಸೀಮೆಯಲ್ಲಿ ಈ ವಿದ್ಯೆ ತಂಗಡಿ ಗಿಡವನ್ನು ನಂಬಿ ಬೆಳೆಯಿತು. ಹಳದಿ ಹೂ ಬಿಡುವ ಈ ಗಿಡಕ್ಕೆ ಆವರಿಕೆ ಎಂದೂ ಹೆಸರುಂಟು. ಬಯಲುಸೀಮೆಯ ಬಂಜರಿನಲ್ಲಿ, ದನ ಮುಟ್ಟದ ಕಡೆಯಲ್ಲೂ ತಾನಾಗಿ ಬೆಳೆಯುತ್ತದೆ. ಇದರ ತೊಗಟೆಯ ಒಗರಿನಲ್ಲಿ ತೊಗಲನ್ನು ನೆನೆಹಾಕುವರು. ಬಿಸಿಲಿಗೆ ಕೆಂಪಾಗದಿರಲೆಂದು ಬಳಿಕ ಅಳಲೆಕಾಯಿಯ ನೀರಿನಲ್ಲಿ ಅದ್ದುವರು. ಕೊನೆಗೆ ತೇವ ಇರುವಾಗಲೇ ಹೊಂಗೆಯೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ತಿಕ್ಕಿ ನೆರಳಿನಲ್ಲಿ ಹರಡುವರು. ದಕ್ಷಿಣ ಭಾರತದ ಈ ಹದದ ಚರ್ಮ ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ಬಂದರಿನಿಂದ ಮೂಟೆ ಮೂಟೆಯಾಗಿ ಇಂಗ್ಲೆಂಡಿಗೆ ಹೋಯಿತು.

ಈ ಕೆಲಸ ಮಾಡಿದವರು ಯಾರು? ಮಾದಿಗರು, ಸಮಗಾರರು, ಡೋಹರರು. ಪಂಪುಸೆಟ್ಟು ಬರುವ ಮುಂಚೆ ಕಪಿಲೆ ಬಾವಿಯಿಂದ ನೀರೆತ್ತುತ್ತಿದ್ದದ್ದು ತೊಗಲಿನ ಚೀಲ. ಅದನ್ನು ಎಳೆಯುವ ಮಿಣಿ, ಎತ್ತಿನ ಕೊರಳಪಟ್ಟಿ, ಬಾರುಕೋಲಿನ ಬಾರು, ಇವೆಲ್ಲ ಅವರ ಕೈಯಿಂದಲೇ ಬರಬೇಕು. ಸುಗ್ಗಿಯಲ್ಲಿ ಕಣದ ಬಳಿ ಅವರಿಗೆ ಆಯದ ಕಾಳು ಸಲ್ಲುತ್ತಿತ್ತು. ಕಪಿಲೆಯ ಚೀಲ ಒಡೆದರೆ ಆ ದಿನ ಪೈರಿಗೆ ನೀರಿಲ್ಲ. ಆದ್ದರಿಂದ ಚೀಲಕ್ಕೆ ಎಣ್ಣೆ ಕೊಡುವ ಕೆಲಸ ಊರಿನ ಅನ್ನದ ಪ್ರಶ್ನೆಯೇ ಆಗಿತ್ತು. ಹಾಗಿದ್ದರೂ ಊರು ಅವರ ಚೀಲದ ನೀರನ್ನು ಹೊಲಕ್ಕೆ ಹಾಯಿಸಿಕೊಂಡಿತು, ಅವರನ್ನು ಮಾತ್ರ ಬಾವಿಯ ಹತ್ತಿರ ಬರಗೊಡಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಹಿರಿಯರೆಂದು ಗೌರವಿಸಿದರು. ಊರುಗಳು ಮಾತ್ರ ಆ ಪಾಠವನ್ನು ಬಹುಕಾಲ ಕಲಿಯಲಿಲ್ಲ. ತೊಗಲಿನ ಇತಿಹಾಸ ಹೇಳುವವನು ಈ ಮಾತನ್ನು ಮರೆಮಾಚಕೂಡದು.

ಇನ್ನು ಕುದುರೆಯ ವಿಷಯ. ವಿಜಯನಗರದ ಕಾಲದಲ್ಲಿ ಅರಬ್ ಮತ್ತು ಪಾರಸಿ ಕುದುರೆಗಳು ಭಟ್ಕಳ, ಗೋವೆ ಬಂದರುಗಳಲ್ಲಿ ಇಳಿಯುತ್ತಿದ್ದವು. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆ ಕುದುರೆಗಳ ಸಾಲನ್ನು ಇಂದಿಗೂ ನೋಡಬಹುದು. ಕುದುರೆ ಬಂದಲ್ಲಿ ಜೀನು ಬೇಕು. ಜೀನಗಾರ ಎಂಬ ಕಸುಬಿನ ಹೆಸರೇ ಜೀನಿನಿಂದ ಹುಟ್ಟಿದ್ದು. 1857ರ ದಂಗೆ ಮುಗಿದ ಮೇಲೆ, 1860ರ ದಶಕದಲ್ಲಿ, ಬ್ರಿಟಿಷರು ಕಾನ್ಪುರದಲ್ಲಿ ಸೈನ್ಯಕ್ಕೆಂದೇ ಜೀನು ಮತ್ತು ಕುದುರೆ ಸಾಮಾನಿನ ದೊಡ್ಡ ಕಾರ್ಖಾನೆ ತೆರೆದರು. ನಮ್ಮ ಮೈಸೂರು ಲ್ಯಾನ್ಸರ್ಸ್ ದಳ ಜೋಧಪುರದ ಸವಾರರ ಜೊತೆಗೂಡಿ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿದ ಸಂಗತಿ ಪ್ರಸಿದ್ಧವಾಗಿದೆ. ಅಂಥ ದಳದ ಸವಾರನಿಗೆ ಕುದುರೆಯ ಮೈ ಉಜ್ಜುವುದು ಎಷ್ಟು ಮುಖ್ಯವೋ ಜೀನು, ಲಗಾಮು ಒರೆಸಿ ಜಿಡ್ಡು ಕೊಡುವುದೂ ಅಷ್ಟೇ ಮುಖ್ಯ. ಕುದುರೆಯ ಬೆವರಿನ ಉಪ್ಪು ತೊಗಲಿನಲ್ಲಿ ಉಳಿದರೆ ಅದು ಬಿರುಸಾಗುತ್ತದೆ. ಬಿರುಸಾದ ಪಟ್ಟಿ ಕುದುರೆಯ ಮೈ ಕೊರೆದು ಹುಣ್ಣು ಮಾಡುತ್ತದೆ. ಹುಣ್ಣಾದ ಕುದುರೆಗೆ ಯಾವ ಸೈನ್ಯದಲ್ಲೂ ಕೆಲಸವಿಲ್ಲ.

ವಿಜ್ಞಾನ ಈ ಕೆಲಸಕ್ಕೆ ಕೈ ಹಾಕಿದ್ದು ತಡವಾಗಿ. 1884ರಲ್ಲಿ ಅಮೆರಿಕದ ಆಗಸ್ಟಸ್ ಷುಲ್ಟ್ಸ್ ಕ್ರೋಮಿಯಂ ಲವಣದಿಂದ ತೊಗಲು ಹದಮಾಡುವ ಕ್ರಮಕ್ಕೆ ಹಕ್ಕುಪತ್ರ ಪಡೆದ. ಅದನ್ನು ಮದರಾಸಿಗೆ ತಂದು 1903ರ ಸುಮಾರಿಗೆ ಪ್ರಯೋಗ ನಡೆಸಿದವನು ಆಲ್ಫ್ರೆಡ್ ಚಾಟರ್ಟನ್. ಅವನ ಕಣ್ಣು ಹೋದದ್ದು ಎಲ್ಲಿಗೆ ಅಂತೀರಿ? ರೈತನ ಕಪಿಲೆ ಚೀಲಕ್ಕೆ! ಚಕ್ಕೆಯ ಹದದ ಚೀಲ ನೀರಿನಲ್ಲಿ ಸದಾ ನೆನೆಯುತ್ತ ಒಗರನ್ನು ಕಳೆದುಕೊಳ್ಳುತ್ತದೆ, ಕ್ರೋಮ್ ಹದದ್ದು ನೀರಿಗೆ ಅಷ್ಟಾಗಿ ಸೋಲುವುದಿಲ್ಲ. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೂ ನಿರ್ದೇಶಕನಾಗಿ ಬಂದ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹುಟ್ಟಿತು.

ಇನ್ನೊಂದು ಕಡೆಯ ಸಂಶೋಧನೆ ನಮ್ಮ ಅಟ್ಟದ ಸಾಮಾನಿಗೆ ನೇರವಾಗಿ ಸಂಬಂಧಪಟ್ಟದ್ದು. ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ಕುರ್ಚಿಗಳ ಮತ್ತು ಪುಸ್ತಕಗಳ ತೊಗಲು ಪುಡಿಯಾಗುತ್ತಿತ್ತು. ಗ್ಯಾಸ್ ದೀಪದ ಗಂಧಕದ ಹೊಗೆಯೇ ಕಾರಣವೆಂದು 1843ರಲ್ಲಿ ಮೈಕೇಲ್ ಫ್ಯಾರಡೆ ಹೇಳಿದ. ಇದೇ ವಿಷಯ ವಿಚಾರಿಸಲು 1900ರಲ್ಲಿ ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ ಸಮಿತಿಯೊಂದನ್ನು ನೇಮಿಸಿತು. ತಂಗಡಿಯ ಜಾತಿಯ ಒಗರಿನಿಂದ ಹದವಾದ ತೊಗಲು ಉಳಿದವಕ್ಕಿಂತ ಬೇಗ ಹೀಗೆ ಕೆಡುತ್ತದೆಂದು ಆ ಸಮಿತಿ ಕಂಡುಕೊಂಡಿತು. ನಮ್ಮ ಚರ್ಮಕ್ಕೆ ಅದು ಕಹಿ ಮಾತು, ಆದರೆ ನಿಜ. ಕಪಿಲೆ ಚೀಲ ಕೆಲವು ವರ್ಷ ಬಾಳಿದರೆ ಸಾಕಾಗಿತ್ತು. ಅದಕ್ಕೆ ತಂಗಡಿ ಧಾರಾಳವಾಯಿತು. ನೂರು ವರ್ಷ ಕಪಾಟಿನಲ್ಲಿರುವ ಪುಸ್ತಕಕ್ಕೆ ಅದು ಹೊಂದಲಿಲ್ಲ.

ಈಗ ಅಟ್ಟದ ಜೀನನ್ನು ಇಳಿಸಿ. ಮೊದಲು ಪರೀಕ್ಷೆ. ಬೆರಳಿಂದ ಉಜ್ಜಿದಾಗ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಬಂದರೆ ಆ ತೊಗಲಿನ ಎಳೆಯೇ ಸತ್ತಿದೆ. ಯಾವ ಎಣ್ಣೆಯೂ ಅದನ್ನು ಬದುಕಿಸದು. ಗೋಡೆಯ ಮೇಲೆ ನೆನಪಿಗೆ ತೂಗುಹಾಕಿ, ಕುದುರೆಯ ಮೇಲೆ ಬೇಡ. ಹೊಲಿಗೆಯ ದಾರ ಕೊಳೆತಿದೆಯೇ, ಬಕಲ್ಲಿನ ಕೆಳಗೆ ಬಿರುಕು ಬಿದ್ದಿದೆಯೇ, ಅದನ್ನೂ ನೋಡಿ. ಬಿರುಕನ್ನು ಎಣ್ಣೆ ಮರೆಸೀತು, ಆದರೆ ಬೆಸೆಯಲಾರದು.

ಬರಿಯ ಒಣಗಿದ್ದಾದರೆ ದಾರಿಯಿದೆ. ಬಕಲ್ಲುಗಳನ್ನೆಲ್ಲ ಬಿಚ್ಚಿ. ಧೂಳನ್ನು ಒಣಬಟ್ಟೆಯಿಂದ ತೆಗೆದು, ಹಿಂಡಿದ ಒದ್ದೆ ಬಟ್ಟೆಗೆ ತುಸು ಮೃದು ಸಾಬೂನು ಸವರಿ ಒರೆಸಿ. ಚಾಕಲೆಸೋಡ ಕೂಡದು, ಅದರ ಖಾರ ತೊಗಲನ್ನು ತಿನ್ನುತ್ತದೆ. ಸಾಬೂನು ಉಳಿಯದಂತೆ ಮತ್ತೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿಡಿ. ಮುಟ್ಟಿದರೆ ತಣ್ಣಗಿದ್ದು, ಒದ್ದೆಯೆನಿಸದ ಹದಕ್ಕೆ ಬಂದಾಗ ಎಣ್ಣೆಯ ಹೊತ್ತು. ಅಗಸೆಯೆಣ್ಣೆ ಬೇಡ, ಅದು ಒಣಗಿ ಬಣ್ಣದಂತೆ ಗಟ್ಟಿಯಾಗುತ್ತದೆ. ಸೀಮೆಯೆಣ್ಣೆಯಂತೂ ಇದ್ದ ಜಿಡ್ಡನ್ನೇ ತೊಳೆದುಬಿಡುತ್ತದೆ. ಹರಳೆಣ್ಣೆ, ಹೊಂಗೆಯೆಣ್ಣೆ ಒಣಗುವ ಜಾತಿಯವಲ್ಲ. ಇಂಗ್ಲೆಂಡಿನವರು ದನದ ಕಾಲಿನ ಮೂಳೆಗಳನ್ನು ಬೇಯಿಸಿ ತೆಗೆದ ಎಣ್ಣೆಯನ್ನು ಬಳಸುತ್ತ ಬಂದರು. ಯಾವುದೇ ಆಗಲಿ, ಬಟ್ಟೆಯ ತುದಿಯಲ್ಲಿ ತೆಳ್ಳಗೆ, ಮುಖ್ಯವಾಗಿ ಒರಟಾದ ಒಳಮೈಗೆ ಸವರಿ. ಬಣ್ಣ ಕಪ್ಪಾಗುವುದುಂಟು, ಆದ್ದರಿಂದ ಮರೆಯಾದ ಮೂಲೆಯಲ್ಲಿ ಮೊದಲು ನೋಡಿ. ಒಂದು ದಿನ ಬಿಡಿ. ಕೈಯಲ್ಲಿ ಮೆಲ್ಲಗೆ ಬಾಗಿಸಿ, ಬಿಡಿಸಿ, ಮತ್ತೆ ತೆಳ್ಳಗೆ ಸವರಿ. ಮೂರು ನಾಲ್ಕು ಸಲ ಹೀಗೆ ಮಾಡಿದ ಮೇಲೆ ಉಳಿದ ಜಿಡ್ಡನ್ನು ಒರೆಸಿಬಿಡಿ. ಅತಿಯಾದರೆ ಪಟ್ಟಿ ಜೋಲುಬಿದ್ದು ಹಿಗ್ಗುತ್ತದೆ, ಹೊಲಿಗೆ ಕೊಳೆಯುತ್ತದೆ. ಬಿಸಿಲಿಗಾಗಲಿ ಒಲೆಯ ಪಕ್ಕಕ್ಕಾಗಲಿ ಇಡಲೇಬೇಡಿ.

ಇಷ್ಟು ಮಾಡಿದ ಮೇಲೂ ಮೈಭಾರ ಹಾಕಿ ಜಗ್ಗಿ ನೋಡದೆ ಕುದುರೆಗೆ ಬಿಗಿಯಬೇಡಿ. ನಿಮ್ಮೂರಿನಲ್ಲಿ ತೊಗಲಿನ ಕೆಲಸ ಬಲ್ಲ ಹಿರಿಯರು ಯಾರಾದರೂ ಉಳಿದಿದ್ದರೆ ಅವರ ಮನೆಗೆ ನೀವೇ ಹೋಗಿ ತೋರಿಸಿ. ಅವರು ಪಟ್ಟಿಯನ್ನು ಒಮ್ಮೆ ಬಾಗಿಸಿ ನೋಡಿ ಹೇಳುವ ಮಾತಿಗೆ ಬೆಲೆಯಿದೆ. ಅವರು ಜಗಲಿಯ ಮೇಲೆ ಕೂರಲು ಹೇಳಿದರೆ ಕೂತುಕೊಳ್ಳಿ, ಕೊಟ್ಟ ನೀರು ಕುಡಿಯಿರಿ, ಕೇಳಿದ ಕೂಲಿ ಕೊಡಿ. ಅವರ ಹಿರಿಯರಿಗೆ ನಮ್ಮ ಹಿರಿಯರು ಉಳಿಸಿಕೊಂಡ ಬಾಕಿ ಇದಕ್ಕಿಂತ ದೊಡ್ಡದು.