ನಷ್ಟವನ್ನರಿತೂ ಮುಚ್ಚಿದ ಬಾಗಿಲು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗಿರಿಸೀಮೆಯಲ್ಲಿ ಬಾಳುವ ತಮಗೆ ಮಾರುಕಟ್ಟೆ ಮುಚ್ಚಿದರೆ ಒದಗುವ ಸಂಕಟವನ್ನು ವಿವರಿಸಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಪೇಟೆಗಳು ಕೈತಪ್ಪಿದಾಗ ನಮ್ಮ ಕಾಫಿಗೆ ಕೊಳ್ಳುವವರಿಲ್ಲದಾಯಿತು. ಬೆಳೆಗಾರರನ್ನು ಕಾಪಾಡಲು 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ ಬರಬೇಕಾಯಿತು. ಅದು ಯುದ್ಧವು ಮುಚ್ಚಿದ ಬಾಗಿಲು. ನಷ್ಟವನ್ನರಿತೂ ದೇಶವೊಂದು ತಾನೇ ಮುಚ್ಚಿದ ಬಾಗಿಲಿನ ಕಥೆ ಬೇರೆ. ಅದನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

1860ರ ನವೆಂಬರಿನಲ್ಲಿ ‘ಟ್ರೂರೋ’ ಎಂಬ ಹಡಗು ಮದರಾಸಿನ ಕೂಲಿಗಳನ್ನು ಆಫ್ರಿಕದ ನೇಟಾಲಿಗೆ ಕೊಂಡೊಯ್ದಿತು. ಅವರು ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿದರು. ಅವರ ಮಕ್ಕಳು ಮೊಮ್ಮಕ್ಕಳಿಗೆ ಆ ನೆಲವೇ ತವರಾಯಿತು. ಆದರೆ 1946ರಲ್ಲಿ ದಕ್ಷಿಣ ಆಫ್ರಿಕ ಸರ್ಕಾರವು ಭಾರತೀಯರು ಎಲ್ಲಿ ಭೂಮಿ ಹೊಂದಬಹುದು, ಎಲ್ಲಿ ವಾಸಿಸಬಹುದು ಎಂಬುದಕ್ಕೆ ಗೆರೆ ಎಳೆಯುವ ಕಾನೂನನ್ನು ಮಾಡಿತು.

ಭಾರತ ಇನ್ನೂ ಸ್ವತಂತ್ರವಾಗಿರಲಿಲ್ಲ. ಆದರೂ ಅದೇ ವರ್ಷದ ಜುಲೈ ತಿಂಗಳಲ್ಲಿ ಆ ದೇಶದೊಡನೆ ವ್ಯಾಪಾರವನ್ನು ನಿಷೇಧಿಸಿತು. ಇಂತಹ ಹೆಜ್ಜೆಯಿಟ್ಟ ಮೊದಲ ದೇಶ ನಮ್ಮದೇ. ನಮ್ಮ ರಫ್ತಿನಲ್ಲಿ ಶೇಕಡಾ 5ಕ್ಕೂ ಮಿಕ್ಕ ಪಾಲು ಅಲ್ಲಿಗೆ ಹೋಗುತ್ತಿತ್ತು. ಅದರಲ್ಲಿ ಮುಖ್ಯವಾದುದು ಸೆಣಬಿನ ಸರಕು: ತಾವು ಕಾಫಿ ತುಂಬುವ ಗೋಣಿಚೀಲದ ಬಳಗವೇ. ಡಿಸೆಂಬರಿನಲ್ಲಿ ವಿಜಯಲಕ್ಷ್ಮಿ ಪಂಡಿತರ ನೇತೃತ್ವದ ನಿಯೋಗವು ವಿಶ್ವಸಂಸ್ಥೆಯ ಮುಂದೆ ಈ ಅನ್ಯಾಯವನ್ನಿಟ್ಟು, 32 ಮತಗಳಿಗೆ 15ರಂತೆ ಗೆದ್ದಿತು.

1948ರಲ್ಲಿ ವರ್ಣಭೇದವು ಅಲ್ಲಿಯ ರಾಜನೀತಿಯೇ ಆಯಿತು. 1962ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ವ್ಯಾಪಾರ ಬಹಿಷ್ಕಾರಕ್ಕೆ ಕರೆಯಿತ್ತರೂ ಬಲಾಢ್ಯ ರಾಷ್ಟ್ರಗಳು ಕಿವಿಗೊಡಲಿಲ್ಲ. ಆ ದಶಕಗಳ ಭಾರತೀಯ ಪಾಸ್‌ಪೋರ್ಟುಗಳು ದಕ್ಷಿಣ ಆಫ್ರಿಕವನ್ನು ಹೊರತುಪಡಿಸಿದ್ದನ್ನು ಹಿರಿಯರು ಬಲ್ಲರು. 1978ರಲ್ಲಿ ತಾವು ಚಿಕ್ಕಮಗಳೂರಿನಿಂದ ಲೋಕಸಭೆಗೆ ಕಳುಹಿಸಿದ ಇಂದಿರಾ ಗಾಂಧಿಯವರು 1983ರಲ್ಲಿ ಅಲಿಪ್ತ ರಾಷ್ಟ್ರಗಳ ಅಧ್ಯಕ್ಷೆಯಾಗಿ ಇದೇ ನೀತಿಯನ್ನು ಎತ್ತಿಹಿಡಿದರು. ಅಮೆರಿಕದ ಸಂಸತ್ತು ತನ್ನ ಅಧ್ಯಕ್ಷರ ನಿಷೇಧಾಧಿಕಾರವನ್ನೇ ಮೀರಿ ದಿಗ್ಬಂಧನದ ಕಾಯಿದೆ ಮಾಡಿದ್ದು 1986ರಲ್ಲಿ. ನಮಗಿಂತ 40 ವರ್ಷ ತಡವಾಗಿ.

ದಿಗ್ಬಂಧನವೊಂದೇ ಆ ದುರಾಡಳಿತವನ್ನು ಉರುಳಿಸಿತೆಂದರೆ ಸತ್ಯಕ್ಕೆ ಅಪಚಾರ. ಸೆರೆಮನೆಗಳಲ್ಲಿ ನವೆದು, ಬೀದಿಗಳಲ್ಲಿ ನೆತ್ತರು ಸುರಿಸಿ ಅದನ್ನು ಉರುಳಿಸಿದವರು ಆ ನಾಡಿನ ಜನರೇ. 1990ರಲ್ಲಿ ನೆಲ್ಸನ್ ಮಂಡೇಲಾ ಬಿಡುಗಡೆ ಹೊಂದಿದರು. 1993ರಲ್ಲಿ ಭಾರತ ಮತ್ತೆ ಬಾಗಿಲು ತೆರೆಯಿತು. 1994ರಲ್ಲಿ ಎಲ್ಲ ವರ್ಣದವರೂ ಮತ ನೀಡಿದರು. ಅಷ್ಟು ಕಾಲ ಅನ್ಯಾಯದ ಹಣ ನಮಗೆ ಬೇಡವೆಂದು ನಿಂತದ್ದು ಮಾತ್ರ ನಮ್ಮ ಪಾಲಿನ ಕರ್ತವ್ಯ. ಸತ್ಯಶುದ್ಧ ಕಾಯಕವೆಂಬ ಮಾತು ವ್ಯಕ್ತಿಗೆ ಸಲ್ಲುವಂತೆ ರಾಷ್ಟ್ರಕ್ಕೂ ಸಲ್ಲುತ್ತದೆ.

ಬಂಧುಗಳೇ, ಈ ಹಿರಿಮೆ ನಮ್ಮ ಮೇಲೊಂದು ಹೊಣೆಯನ್ನೂ ಹೊರಿಸಿದೆ. ನೇಟಾಲಿಗೆ ಹಡಗು ಹತ್ತಿದವರಂತೆಯೇ ತಮಿಳುನಾಡಿನಿಂದ, ತುಳುನಾಡಿನಿಂದ ಘಟ್ಟ ಹತ್ತಿ ಬಂದವರ ಬೆವರಿನಿಂದ ನಮ್ಮ ತೋಟಗಳು ಹಸಿರಾಗಿವೆ. ಅವರ ಮನೆ, ನೀರು, ಔಷಧಗಳ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಮಾಲೀಕರಿಗೆ ವಹಿಸಿತು. ದೂರದ ಗೆರೆಯನ್ನು ಖಂಡಿಸಿದ ನಾವು, ತೋಟದ ಬಂಗಲೆಗೂ ಕೂಲಿಲೈನಿಗೂ ನಡುವೆ ನಾವೇ ಎಳೆದ ಗೆರೆಯನ್ನೂ ಒಮ್ಮೆ ನೋಡಿಕೊಳ್ಳೋಣ.